ಮೂರುಬೆರಳು ಎಂಬ ಸಾಲು

ಬ್ಯಾಡಗಿಯಿಂದ ಹಾವೇರಿಗೆ ಹೋಗುವ ಬಸ್ಸು ಹತ್ತುವಷ್ಟು ಧೈರ್ಯ ಯಲ್ಲೇಶನಿಗೆ ಇರಲಿಲ್ಲ. ದಾರಿ ಮುಕ್ಕಾಲು ತಾಸಿನದು. ಮೋಟೆಬೆನ್ನೂರು ಕ್ರಾಸಿನಲ್ಲಿ ರಸ್ತೆಯ ಒಂದು ಬದಿಗೆ ನಿಂತರೆ ಹಾವೇರಿ, ಇನ್ನೊಂದು ಬದಿಗೆ ನಿಂತರೆ ರಾಣೆಬೆನ್ನೂರು. ಅವನು ಎರಡು ವರ್ಷದಿಂದ ರಾಣೆಬೆನ್ನೂರಿನ ಬದಿಗೇ ನಿಲ್ಲುತ್ತ ಬಂದವನು. ಹಾವೇರಿಯಲ್ಲಿ ಅವನ ತಂಗಿ ಅಂಜಲಿ ಇದ್ದಳು. ಕಂಪ್ಯೂಟರ್ ರಿಪೇರಿ ಮಾಡುವ ಚಂದ್ರಪ್ಪನನ್ನು, ಮನೆಯವರು ಒಲ್ಲೆವೆಂದ ಜಾತಿಯವನನ್ನು, ರಿಜಿಸ್ಟರ್ ಮದುವೆ ಮಾಡಿಕೊಂಡು ಹೋಗಿದ್ದಳು. ಹೋದ ದಿನ ಅವ್ವನ ತಮ್ಮ ತಿರಕಪ್ಪ ಮಾಮಾ ಪಡಸಾಲೆಯಲ್ಲಿ ನಿಂತು, "ಅಕೀ ಹೆಸರು ಯಾರರ ತಗದ್ರ ನಾ ಈ ಹೊಸ್ತಲಾ ತುಳ್ಯಂಗಿಲ್ಲ" ಅಂದ. ಟೆಲಿಫೋನಿನ ಲೈನ್‌ಮನ್ ಆಗಿದ್ದ ಮಾಮಾ ಇನ್ನೊಂದು ಮಾತು ಸೇರಿಸಿದ: "ಯಾವ ನಂಬರಿನಿಂದ ಯಾವ ನಂಬರಿಗೆ ಮಾತು ಹೋದ್ರೂ ನನಗ ಗೊತ್ತಾಗತೈತಿ. ನೆನಪಿಡ್ರಿ." ಅಪ್ಪ ಹಾಲೇಶಪ್ಪ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಮಾಮಾ ಹೇಳಿದ್ದು ಖರೆಯೋ ಬಡಾಯಿಯೋ ಎಂದು ಯಲ್ಲೇಶ ಯಾರನ್ನೂ ಕೇಳಲಿಲ್ಲ. ಕೇಳಿ ಅದು ಬಡಾಯಿ ಎಂದು ಗೊತ್ತಾಗಿಬಿಟ್ಟರೆ, ಫೋನು ಮಾಡದೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು.

ಬೆಳಿಗ್ಗೆ ಡಿಟಿಪಿ ಅಂಗಡಿಯ ಶಟರ್ ಎತ್ತಿದರೆ ಮೊದಲು ಒಳಗೆ ಬರುವುದು ಮೆಣಸಿನಕಾಯಿಯ ಘಾಟು. ಸುಗ್ಗಿ ಮುಗಿಯುತ್ತ ಬಂದಿದ್ದರೂ ಮಾರುಕಟ್ಟೆಯ ಕೆಂಪು ಧೂಳು ಓಣಿಯ ಗೋಡೆಗಳಿಂದ ಇನ್ನೂ ಇಳಿದಿರಲಿಲ್ಲ. ಎರಡು ಸಲ ಸೀನಿ, ಕಂಪ್ಯೂಟರ್ ಚಾಲೂ ಮಾಡಿ, ಮದುವೆ ಕಾರ್ಡು, ಲೆಟರ್‌ಹೆಡ್ಡು ಯಾವುದಕ್ಕೂ ಕೈ ಹಾಕುವ ಮೊದಲು ಅವನು ಒಂದು ಪುಟ ತೆಗೆಯುತ್ತಿದ್ದ. ರಾಣೆಬೆನ್ನೂರಿನಲ್ಲಿ ಸೈಬರ್ ಕೆಫೆ ಇಟ್ಟಿದ್ದ ಗೆಳೆಯ ಯುವರಾಜ ಹಾಕಿಕೊಟ್ಟ ಸಾಫ್ಟ್‌ವೇರ್ ಅದು. ನಡುವೆ ಕಂಪನಿ ಇಲ್ಲ, ಅಂಚೆಯವನಿಲ್ಲ. ಇವರ ಕಂಪ್ಯೂಟರಿನಿಂದ ಅವರ ಕಂಪ್ಯೂಟರಿಗೆ, ಅಲ್ಲಿಂದ ಇನ್ನೊಬ್ಬರದಕ್ಕೆ. ಮಾತು ಗುಪ್ತ ಅಕ್ಷರವಾಗಿ ಹೋಗುತ್ತದೆ, ಯಾರು ಯಾರಿಗೆ ಹೇಳಿದರೆಂದು ದಾರಿಯಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. "ನಿಮ್ಮ ಲೈನ್‌ಮನ್ ಮಾಮಾ ಕಂಬದ ಮ್ಯಾಲೆ ಕುಂತು ಕಿವಿ ಹಚ್ಚಿದ್ರೂ ಗೊರ್ ಅನ್ನೋದಷ್ಟ ಕೇಳತೈತಿ ನೋಡ್ಲೇ" ಎಂದು ಯುವರಾಜ ನಕ್ಕಿದ್ದ. ಪುಟದಲ್ಲಿ ನಂಟು ಇರುವ ಒಬ್ಬೊಬ್ಬರಿಗೆ ಒಂದೊಂದು ಸಾಲು. ಯಲ್ಲೇಶನ ಪುಟದಲ್ಲಿ ಎರಡೇ ಇದ್ದವು: ಒಂದು ಯುವರಾಜನದು, ಇನ್ನೊಂದಕ್ಕೆ ಮೂರುಬೆರಳು ಎಂದು ಹೆಸರು. ಸಾಲಿಗೆ ಬಣ್ಣ ಇರುತ್ತಿತ್ತು. ಹಸಿರು ಇದ್ದರೆ ಕೂಡಿಕೊಂಡಿದೆ ಎಂದರ್ಥ.

ಮೂರುಬೆರಳು ಅಂಜಲಿ ತನ್ನ ಸಾಲಿಗೆ ಇಟ್ಟುಕೊಂಡ ಹೆಸರು. ಅಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೈಮೇಲೆ ಟವೆಲ್ಲು ಹಾಕಿಕೊಂಡು ಅದರ ಕೆಳಗೆ ಬೆರಳು ಹಿಡಿಯುತ್ತಾರೆ. ಸುತ್ತಲೂ ಮಂದಿ ನಿಂತಿದ್ದರೂ ಮಾತು ಇಬ್ಬರದೇ. ಅದನ್ನು ನೋಡಿ ನೋಡಿ ಅಣ್ಣತಂಗಿ ಕೌದಿಯ ಕೆಳಗೆ ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. ಒಂದು ಬೆರಳು ಹಿಡಿದರೆ ಹಸಿವಾಗಿದೆ, ಎರಡು ಹಿಡಿದರೆ ಅಪ್ಪನಿಗೆ ಸಿಟ್ಟು ಬಂದಿದೆ. ಮೂರು ಹಿಡಿದರೆ, ನಾ ಅದೀನಿ. ಗುಡುಗಿದಾಗ ಆಕೆ ಬಿಡದೆ ಮೂರು ಹಿಡಿಯುತ್ತಿದ್ದಳು. ಅವನು ದೊಡ್ಡವನು, ಹೆದರಿಕೆಯಿಲ್ಲದವನಂತೆ ಸುಮ್ಮನೆ ಮಲಗಿರುತ್ತಿದ್ದ. ಗುಡುಗಿಗೆ ಹೆಚ್ಚು ಅಂಜುತ್ತಿದ್ದವನು ಅವನೇ ಎಂಬುದು ಆಕೆಗೆ ಗೊತ್ತಿತ್ತು, ಅದಕ್ಕೇ ಹಿಡಿಯುತ್ತಿದ್ದಳು ಎಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ, ಇದೇ ಅಂಗಡಿಯಲ್ಲಿ, ಯಾರದೋ ಸೀಮಂತದ ಕಾರ್ಡಿಗೆ ಬಳ್ಳಿಯ ಅಂಚು ಕೂಡಿಸುತ್ತಿದ್ದಾಗ.

ಮೊದಮೊದಲು ಅವರು ಬರೆದುಕೊಳ್ಳುತ್ತಿದ್ದರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅವ್ವನ ಮೊಣಕಾಲು ಹೆಂಗೈತಿ. ಆಕಳ ಈದೈತೇನು. ಆಮೇಲೆ ಬರೆಯುವುದೂ ಕಡಿಮೆಯಾಯಿತು, ಹಸಿರು ಇದ್ದರೆ ಸಾಕೆನಿಸಿತು. ಕಳೆದ ದಸರೆಯ ಹೊತ್ತಿಗೆ ಒಂದು ಸಂದೇಶ ಬಂತು: ಅಣ್ಣಾ, ನನಗ ಮೂರು ತಿಂಗಳು. ಅವ್ವಗ ಒಬ್ಬಾಕಿಗೇ ಹೇಳು. ಅವನು ಹಿತ್ತಲಲ್ಲಿ ಅವ್ವನ ಕಿವಿಯಲ್ಲಿ ಹೇಳಿದ. ಅವ್ವ ಮೈಲವ್ವ ಕೈಯಲ್ಲಿದ್ದ ಪಾತ್ರೆಯನ್ನು ಇನ್ನೊಮ್ಮೆ, ಮತ್ತೊಮ್ಮೆ ತಿಕ್ಕಿದಳು. ಅಪ್ಪನಿಗೆ ಹೇಳಲಿಲ್ಲ. ಈ ಮನೆಯಲ್ಲಿ ಎಲ್ಲರೂ ಎಲ್ಲರಿಂದ ಏನನ್ನಾದರೂ ಮುಚ್ಚಿಟ್ಟುಕೊಂಡೇ ಒಂದೇ ತಾಟಿನ ರೊಟ್ಟಿ ಮುರಿಯುತ್ತಿದ್ದರು.

ಅದಾದ ಮೇಲೆ ಮಾಮಾನ ಮಗಳು ನಾಗಲಕ್ಷ್ಮಿಯ ಮದುವೆ. ಕಾರ್ಡು ಯಲ್ಲೇಶನ ಅಂಗಡಿಯಲ್ಲೇ. ಸುಖಾಗಮನ ಬಯಸುವವರ ಹೆಸರುಗಳನ್ನು ಮಾಮಾ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದ, ಇವನು ಬಡಿಯುತ್ತ ಹೋದ. ಬೆರಳಿನ ರೂಢಿಯೋ ಏನೋ, ತನ್ನ ಹೆಸರು ಬಡಿದ ಮೇಲೆ ಅಂಜಲಿಯ ಹೆಸರೂ ಬಂದುಬಿಟ್ಟಿತು. ಮಾಮಾ ಪರದೆಯ ಮೇಲೆ ಉಗುರಿಟ್ಟು ಟಕಟಕ ಕುಟ್ಟಿದ. "ಇದ್ಯಾರು? ನಮ್ಮ ಪೈಕಿ ಯಾರೂ ಇಲ್ಲಲ್ಲ ಈ ಹೆಸರಿನಾಕಿ?" ಯಲ್ಲೇಶ ಅಳಿಸಿದ. ಒಂದೊಂದೇ ಅಕ್ಷರ ಹಿಂದಕ್ಕೆ ಹೋಗುತ್ತಿದ್ದಾಗ, ಅಳಿಸುವ ಕೀಲಿಯ ಸದ್ದು ಉಳಿದ ಕೀಲಿಗಳ ಸದ್ದಿನಂತೆಯೇ ಇದೆಯಲ್ಲ ಎಂದುಕೊಂಡ. ಮಾಮಾ ಹೋಗುವಾಗ ಅವನ ಬೆನ್ನು ಚಪ್ಪರಿಸಿದ. ಆ ಚಪ್ಪರಿಕೆ ಅವನಿಗೆ ಹಿತವಾಯಿತು. ಹಿತವಾದದ್ದಕ್ಕೆ ಅಂದು ದಿನವಿಡೀ ಅವನಿಗೆ ತನ್ನ ಬೆನ್ನೇ ಹೇಸಿಗೆಯಾಗಿತ್ತು.

ಅದೇ ವಾರ ಮೂರುಬೆರಳು ಹಳದಿಯಾಯಿತು. ಪಕ್ಕದಲ್ಲಿ ಬ್ಯುಸಿ ಎಂದು ಬಂದಿತ್ತು. ಆಕೆಗೆ ಕಾರ್ಡಿನ ಸುದ್ದಿ ಮುಟ್ಟಿದೆ, ಸಿಟ್ಟಾಗಿದ್ದಾಳೆ ಎಂದು ಅವನು ನಿಶ್ಚಯ ಮಾಡಿಕೊಂಡ. ತಪ್ಪಾಯಿತು ಎಂದು ಬರೆದು, ಕಳಿಸದೆ, ಅಳಿಸಿದ. ಹಸಿರು, ಮತ್ತೆ ಹಳದಿ, ಮತ್ತೆ ಹಸಿರು. ಆಕೆ ಬಾಗಿಲು ತೆರೆದು ಇವನ ಮಾರಿ ನೋಡಿ ಮುಚ್ಚಿಕೊಳ್ಳುತ್ತಿದ್ದಂತೆ. ಶಿವರಾತ್ರಿಯ ಹೊತ್ತಿಗೆ ಕೆಂಪಾದದ್ದು ಕೆಂಪಾಗಿಯೇ ನಿಂತಿತು. ಕೆಂಪಿನ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಅವನು ಓದಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವನು ರಾಶಿಯ ಮುಂದೆ ನಿಂತರೆ ಬಣ್ಣ ನೋಡುತ್ತಾನೆ. ಬಣ್ಣ ನೋಡಿದ ಮೇಲೆ ಚೀಲದ ಮೇಲಿನ ಚೀಟಿ ಓದುವುದು ಹೊರಗಿನವರ ಕೆಲಸ. ದಿನಾ ಬೆಳಿಗ್ಗೆ ಪುಟದ ನೆತ್ತಿಯ ಮೇಲೆ ಒಂದು ಪಟ್ಟಿ ಬಂದು ಹೊಸದನ್ನು ಇಳಿಸಿಕೊಳ್ಳಲೇ ಎಂದು ಕೇಳುತ್ತಿತ್ತು. ಇಂಟರ್ನೆಟ್ಟಿನ ಬಿಲ್ಲು ಏರುತ್ತದೆಂದು ಅವನು ದಿನಾ ಬೇಡ ಎಂದು ಒತ್ತುತ್ತಿದ್ದ.

ಒಂದು ಮಧ್ಯಾಹ್ನ ಬುತ್ತಿ ತಂದ ಮೈಲವ್ವ ಪರದೆಯ ಮುಂದೆ ನಿಂತಳು. ಆಕೆ ವರ್ಷಗಟ್ಟಲೆ ಮೆಣಸಿನಕಾಯಿಯ ತುಂಬು ಬಿಡಿಸಿದವಳು. ತೊಟ್ಟು ಮುರಿದು ಮುರಿದು ಹೆಬ್ಬೆರಳಿನ ತುದಿಗೆ ಗೆರೆಗಳೇ ಉಳಿದಿರಲಿಲ್ಲ.

"ಇದರಾಗ ಅಕೀದು ಯಾವುದೋ?"

ಅವನು ತೋರಿಸಿದ.

"ಕೆಂಪೈತಲ್ಲ. ಕೆಂಪಂದ್ರ?"

"ಕೆಂಪಂದ್ರ ಚಲೋ ಅವ್ವ."

ಮೈಲವ್ವ ತಲೆಯಾಡಿಸಿದಳು. ಅದರಲ್ಲಿ ಕೇಳುವುದೇನಿತ್ತು? ಕೆಂಪಾದದ್ದೇ ಹಣ್ಣಾದದ್ದು, ಹಸಿರು ಇನ್ನೂ ಎಳೇದು. ಈ ಊರಿನಲ್ಲಿ ಕೂಸಿಗೂ ಗೊತ್ತು. ಪರದೆಗೆ ಕೈ ತಾಗಿಸಿ ಹಣೆಗೆ ಮುಟ್ಟಿಸಿಕೊಂಡಳು. ಅಂದಿನಿಂದ ದಿನಾ ಬುತ್ತಿ ತಂದಾಗೊಮ್ಮೆ "ಕೆಂಪೈತೇನು?" ಎಂದು ಕೇಳುವಳು, ಅವನು ಹೂಂ ಅನ್ನುವನು. ಸುಳ್ಳು ಇಷ್ಟು ಸಲೀಸಾಗಿ ನಡೆಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಹೋಳಿಯ ಸುಮಾರಿಗೆ ಅಪ್ಪ ಹಾವೇರಿಯ ದನದ ಸಂತೆಯಿಂದ ಟವೆಲ್ಲು ಇಲ್ಲದೆ ಬಂದಿದ್ದ. ಬರಿ ಹೆಗಲಿನ ಅಪ್ಪ ಬೇರೆ ಯಾರೋ ಅನ್ನುವ ಹಾಗೆ ಕಂಡಿದ್ದ. "ಸಂತ್ಯಾಗ ದನಾ ಕಳಕೊಂಡಾವ್ರನ್ನ ಕಂಡೇನಿ, ಟವೆಲ್ಲು ಕಳಕೊಂಡ ದಲ್ಲಾಳಿನ್ನ ಕಂಡಿಲ್ಲವ್ವ" ಎಂದು ಅವ್ವ ಬೈದರೆ, "ಎತ್ತು ತಿಂತು" ಅಂದು ಬಚ್ಚಲಿಗೆ ಹೋದವನು ಬಹಳ ಹೊತ್ತು ನೀರು ಹಾಕಿಕೊಂಡಿದ್ದ. ಯಲ್ಲೇಶ ನಕ್ಕಿದ್ದ.

ಹೋಳಿ ಮುಗಿದು ತಿಂಗಳ ಮೇಲಾದ ಒಂದು ದಿನ, ಬುತ್ತಿಯ ಹೊತ್ತಿಗಿಂತ ಮೊದಲೇ ಮೈಲವ್ವ ಅಂಗಡಿಗೆ ಬಂದಳು, ಸೆರಗಿನೊಳಗೆ ಒಂದು ಸ್ಟೀಲಿನ ಡಬ್ಬಿ. ಮುಚ್ಚಳದ ಸಂದಿಯಿಂದ ತುಪ್ಪದ, ಹುರಿದ ಅಂಟಿನ ವಾಸನೆ ಬಂತು. ಬಾಣಂತಿಗೆ ಮಾಡುವ ಅಂಟಿನುಂಡಿ.

"ಒಂಬತ್ತು ತುಂಬಿರತಾವೋ ಯಲ್ಲೇಶಾ. ಇವತ್ತೋ ನಾಳೆಯೋ ಹಡದಿರತಾಳ. ಹೆಂಗರ ಮಾಡಿ ಇದನ್ನ ಮುಟ್ಟಸು."

"ಅಪ್ಪಗ ಗೊತ್ತಾದ್ರ?"

"ತುಪ್ಪ ಎಲ್ಲಿ ಹೋತು ಅಂತ ಕೇಳೋ ಗಂಡಸಲ್ಲ ಅಂವ." ಆಕೆ ಪರದೆಯ ಕಡೆ ನೋಡಿದಳು. "ಕೆಂಪ ಐತಿ. ಚಲೋನ ಅದಾಳ."

ಅವನು ಶಟರ್ ಎಳೆದ. ಕ್ರಾಸಿನಲ್ಲಿ ಇಳಿದು ನಿಂತಾಗ ಹಾವೇರಿಯ ಬಸ್ಸೇ ಮೊದಲು ಬಂತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, ರಸ್ತೆಯಾಚೆ ನಿಂತಿದ್ದ ಇವನನ್ನೂ ಸೇರಿಸಿ, "ಹಾವೇರಿ, ಹಾವೇರಿ, ಲಗೂ ಬರ್ರಿ" ಎಂದು ಕೂಗಿದ. ಡಬ್ಬಿಯ ತಳ ಅಂಗೈಗೆ ಬೆಚ್ಚಗಿತ್ತು. ಹೋಗಿ ಬಾಗಿಲು ಬಡಿದರೆ ಏನಾಗುತ್ತದೆ? ಆಕೆ ತೆರೆಯುತ್ತಾಳೆ. ಅದೇ ಕಷ್ಟ. ತೆರೆದ ಮೇಲೆ ಆಕೆಯ ಮಾರಿ ಇರುತ್ತದೆ; ಪರದೆಯ ಮೇಲಾದರೆ ಬಣ್ಣ ಮಾತ್ರ. ಬಸ್ಸು ಹೋಯಿತು. ಯುವರಾಜ ಚಂದ್ರಪ್ಪನ ಗೆಳೆಯ, ವಾರಕ್ಕೊಮ್ಮೆ ಹಾವೇರಿಗೆ ಹೋಗಿಬರುತ್ತಾನೆ, ಅವನ ಕೈಯಲ್ಲಿ ಕೊಟ್ಟರಾಯಿತು ಎಂದು ಅವನು ತನ್ನ ಬದಿಯಲ್ಲೇ ನಿಂತ.

ರಾಣೆಬೆನ್ನೂರಿನ ಕೆಫೆಯಲ್ಲಿ ಯುವರಾಜ ಕೀಬೋರ್ಡೊಂದನ್ನು ಬೋರಲು ಹಾಕಿ ಕುಟ್ಟುತ್ತಿದ್ದ. ಚುರುಮುರಿ, ಕೂದಲು, ಒಂದು ಬೆಂಕಿಕಡ್ಡಿ ಉದುರಿದವು. ಡಬ್ಬಿ ನೋಡಿ ಕಣ್ಣರಳಿಸಿದ.

"ಏನಲೇ ಯಲ್ಲ್ಯಾ, ನನಗೇನು?"

"ನಿನಗಲ್ಲ. ಅಂಜಲಿಗೆ. ಅಂಟಿನುಂಡಿ. ಅವ್ವ ಕೊಟ್ಟಾಳ. ನೀ ಹಾವೇರಿಗೆ ಹೋದಾಗ..."

ಯುವರಾಜ ಕೀಬೋರ್ಡು ಕೆಳಗಿಟ್ಟ. ನಗು ಅವನ ಮಾರಿಯಿಂದ ಹೋದ ರೀತಿ ನೋಡಿ ಯಲ್ಲೇಶನಿಗೆ ತಾನು ಏನೋ ತಪ್ಪು ಮಾತು ಆಡಿದೆನೆನಿಸಿತು.

"ನಿನಗ ಏನೂ ಗೊತ್ತಿಲ್ಲೇನು?"

"ಏನು? ಅಕೀ ಕೆಂಪಾಗಿ ಎರಡು ತಿಂಗಳಾತು. ನನ್ನ ಕೂಡ ಮಾತು ಬಿಟ್ಟಾಳ. ಕಾರ್ಡಿನ ಸುದ್ದಿ..."

"ಯಾವ ಕಾರ್ಡಲೇ? ಕೆಂಪು ಅಂದ್ರೇನು?" ಯುವರಾಜ ತನ್ನ ಪರದೆಯನ್ನು ಅವನ ಕಡೆ ತಿರುಗಿಸಿದ. ಅಲ್ಲಿ ಮೂರುಬೆರಳು ಹಸಿರಾಗಿತ್ತು. ಎಷ್ಟೋ ದಿನದ ಮೇಲೆ ಕಂಡ ಆ ಹಸಿರಿನ ಹತ್ತಿರಕ್ಕೆ ಯಲ್ಲೇಶ ಬಾಗಿದ. ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು: ಇವನಿಗೆ ಹಸಿರು, ನನಗೆ ಕೆಂಪು.

"ನಿನ್ನ ಕಡೆ ಕೆಂಪು, ನನ್ನ ಕಡೆ ಹಸರು. ಅಕೀ ಒಬ್ಬಾಕೀನ. ಈ ಬಣ್ಣ ಅಕೀದಲ್ಲೋ. ನಿನ್ನ ಮಷೀನಿಗೆ ಅಕೀ ಎಷ್ಟು ಎಟಕತಾಳ ಅನ್ನೋದಷ್ಟ ಇದು. ಹಳದಿ ಅಂದ್ರ ಅಕೀಗೆ ಸಿಟ್ಟು ಬಂದೈತಿ ಅಂತಲ್ಲ, ನಡುವಿನ ದಾರಿ ತುಂಬಿ ನಿಂತೈತಿ ಅಂತ. ನಿಮ್ಮೂರಿನ ಲೈನಿಗೆ ಅದು ದಿನಾ ಆಗೂದ. ಕೆಂಪಿನ ಬಾಜೂಕ ಏನ ಬರದೈತಿ ಓದೀಯೇನು?"

"ಇಲ್ಲ."

"ಅವರದು ಹೊಸದು, ನಿಮ್ಮದು ಹಳೇದು, ಹೊಸದು ಹಾಕೂತನಾ ಮಾತು ಸಾಧ್ಯಿಲ್ಲ ಅಂತಿರತೈತಿ. ಮ್ಯಾಲೆ ದಿನಾ ಕೇಳತಿತ್ತಲ್ಲ, ಇಳಿಸಿಕೊಳ್ಳಲೇನು ಅಂತ? ಅಕೀ ಮಷೀನಿನಿಂದನ ತರತೀನಿ ಅಂತಿತ್ತದು. ಅಕೀ ಕೊಡಾಕ ನಿಂತಿದ್ಲು. ನೀ ಏನ ಒತ್ತಿದಿ?"

"ಬ್ಯಾಡ ಅಂತ."

"ನಾ ತಿಳಕೊಂಡಿದ್ದೆ, ನಿನಗ ಗೊತ್ತಿದ್ದೂ ಬೇಕಂತ ಬರಲಿಲ್ಲ ಅಂತ" ಎಂದ ಯುವರಾಜ ಮೆಲ್ಲಗೆ. "ಆ ಸಿಟ್ಟಿಗೆ ನಾನೂ ನಿನಗ ಫೋನ್ ಹಚ್ಚಲಿಲ್ಲ. ತಪ್ಪಾತು."

"ಏನಾಗೇತಿ ಹೇಳಲೇ."

"ನಾ ಹೇಳಂಗಿಲ್ಲ. ಹೋಗಿ ಹೊಸದು ಹಾಕು. ಅಕೀ ನಿನಗ ಅಂತ ಬರದದ್ದು ಅಲ್ಲೇ ಕಾಯಾಕತ್ತಿರತೈತಿ. ಡಬ್ಬೀನೂ ನಾ ಒಯ್ಯಂಗಿಲ್ಲ. ನೀನ ಒಯ್ಯಿ." ಬಾಗಿಲತನಕ ಬಂದವನು ತಡೆಯಲಾರದೆ ಅಂದ: "ನಿಮ್ಮ ಮಾಮಾಗ ಯಾರ ಫೋನೂ ಗೊತ್ತಾಗಂಗಿಲ್ಲೋ. ಅಂವ ತಂತಿ ಜೋಡಸಾಂವ. ಯಾರ್ನರ ಕೇಳಿದ್ರ ಹೇಳತಿದ್ರಲ್ಲ."

ವಾಪಸು ಬಸ್ಸಿನಲ್ಲಿ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಏನಾಗಿದ್ದೀತೆಂದು ನೆನೆಯದಿರಲು ಬೇರೆ ಏನೇನೋ ನೆನೆದ: ಕದರಮಂಡಲಗಿಯ ಹನುಮಪ್ಪನ ಗುಡಿಯಲ್ಲಿ ಒಮ್ಮೆ ಅಂಜಲಿ ತಪ್ಪಿಸಿಕೊಂಡಿದ್ದಳು. ಎಲ್ಲರೂ ಕೂಗುತ್ತ ಹುಡುಕಿದರೆ ಆಕೆ ಚಪ್ಪಲಿ ಬಿಡುವ ಜಾಗದಲ್ಲಿ, ಇವನ ಚಪ್ಪಲಿಗಳನ್ನು ಎದೆಗವಚಿಕೊಂಡು ಕೂತಿದ್ದಳು. ಇದನ್ನ ಹುಡಿಕ್ಯಾಂತ ಅಣ್ಣ ಬಂದ ಬರತಾನ, ಅದಕ್ಕ ಕುಂತೆ ಅಂದಿದ್ದಳು.

ಅಂಗಡಿಯಲ್ಲಿ ಹೂಂ ಎಂದು ಒತ್ತಿದ ಮೇಲೆ ಅದು ಇಳಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ನಡುವೆ ಒಬ್ಬರು ಗೃಹಪ್ರವೇಶದ ಕಾರ್ಡಿನ ನಮೂನೆ ನೋಡಲು ಬಂದರು, ಅವನು ತೋರಿಸಿದ. ಗಣಪತಿ ಎಡಕ್ಕಿರಲೋ ನಡುವೆಯೋ ಎಂದು ಅವರು ಚರ್ಚೆ ಮಾಡಿದರು, ಅವನೂ ಮಾಡಿದ. ಅವರು ಹೋದ ಮೇಲೆ ನೋಡಿದರೆ ಮೂರುಬೆರಳು ಹಸಿರಾಗಿತ್ತು. ಕೆಳಗೆ ಸಂದೇಶಗಳು ಒಂದರ ಹಿಂದೊಂದು ಬಂದು ಕೂತಿದ್ದವು.

ಅಣ್ಣಾ, ನೀರು ಹೋಗಾಕತ್ತೈತಿ, ದವಾಖಾನಿಗೆ ಹೊಂಟೇವಿ. ಇನ್ನೂ ದಿನಾ ತುಂಬಿಲ್ಲ. ಅವ್ವನ್ನ ಕಳಸು.

ಗಂಡು. ಭಾಳ ಸಣ್ಣದೈತಿ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನಿನ್ನಂಗ ಹುಬ್ಬು ಗಂಟು ಹಾಕತೈತಿ.

ಅಣ್ಣಾ ಅದೀಯಿಲ್ಲೋ. ನಿನ್ನ ಸಾಲು ಇಲ್ಲಿ ಕಪ್ಪಾಗೇತಿ.

ಆಮೇಲಿನದು ಉದ್ದವಿತ್ತು: ಉಳೀಲಿಲ್ಲ ಅಣ್ಣಾ. ಅಪ್ಪ ಬಂದಿದ್ದ. ಅಂವ ಪ್ರತಿ ಸಂತಿಗೂ ಬರತಾನ, ಕಟ್ಟಿ ಮ್ಯಾಲೆ ಕುಂತು ಚಾ ಕುಡದು ಹೋಗತಾನ, ಒಳಗ ಬರಂಗಿಲ್ಲ. ಅವತ್ತು ಒಳಗ ಬಂದ. ತನ್ನ ಟವೆಲ್ಲಿನಾಗ ಸುತ್ತಿ ತಾನ ಎತ್ತಿಕೊಂಡು ಹೋದ, ಯಾರ ಕೈಯಾಗೂ ಕೊಡಲಿಲ್ಲ. ಮಣ್ಣು ಮಾಡೂತನಾ ಟವೆಲ್ಲಿನ ಒಳಗ ಅದರ ಬೆರಳು ಹಿಡಕೊಂಡಿದ್ನಂತ, ಇವರು ಹೇಳಿದ್ರು. ನಿನಗ ಹೇಳಬ್ಯಾಡ ಅಂದಾನ ಅಪ್ಪ. ನೀ ಅಂಜತೀ ಅಂತ. ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ. ನೀ ಆರಾಮ ಅದೀಯಿಲ್ಲೋ ಅಷ್ಟು ಹೇಳು.

ಅದರ ಕೆಳಗೆ ಇನ್ನೂ ಇದ್ದವು. ಎಲ್ಲದರಲ್ಲೂ ಅದೇ: ಅದೀಯೇನು. ಅದೀಯೇನು.

ಯಲ್ಲೇಶ ಬಡಿದ: ಅದೀನಿ. ನಾಳೆ ಬರತೀನಿ. ಕಳಿಸುವ ಗುಂಡಿ ಒತ್ತಿದ. ಬಾಗಿಲಿಗೆ ಬಂದ ಗಿರಾಕಿಗೆ ಕರೆಂಟಿಲ್ಲ ಎಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಗಿರಾಕಿ ಫ್ಯಾನನ್ನೂ ಅವನನ್ನೂ ನೋಡಿ ಹೋದ.

ಸಂಜೆ ಮನೆಗೆ ಬಂದಾಗ ಹಾಲೇಶಪ್ಪ ಕಟ್ಟೆಯ ಮೇಲೆ ಕೂತಿದ್ದ. ಹೆಗಲ ಮೇಲಿನ ಹೊಸ ಟವೆಲ್ಲಿನ ಗಂಜಿ ಇನ್ನೂ ಹೋಗಿರಲಿಲ್ಲ, ಮಡಿಕೆಯ ಗೆರೆ ಕಾಣುತ್ತಿತ್ತು. ಯಲ್ಲೇಶ ಪಕ್ಕದಲ್ಲಿ ಕೂತು ಡಬ್ಬಿಯನ್ನು ನಡುವೆ ಇಟ್ಟ. ಅಪ್ಪ ಡಬ್ಬಿ ನೋಡಿದ, ವಾಸನೆ ಹಿಡಿದ. ಮಗ ಅಪ್ಪನ ಟವೆಲ್ಲಿನ ತುದಿ ಎಳೆದು ಇಬ್ಬರ ಕೈಮೇಲೂ ಹಾಕಿ, ಅದರ ಕೆಳಗೆ ಅಪ್ಪನ ಕೈ ಹುಡುಕಿ ಮೂರು ಬೆರಳು ಹಿಡಿದ. ಹಗ್ಗ ಜಗ್ಗಿ ಜಗ್ಗಿ ಒರಟಾದ ಬೆರಳುಗಳು. ಅವು ಮೊದಲು ಸುಮ್ಮನಿದ್ದವು. ಆಮೇಲೆ ಆ ಕೈಯೇ ತಿರುಗಿ ಇವನ ಮೂರು ಬೆರಳು ಹಿಡಿಯಿತು, ನೋಯುವಷ್ಟು ಗಟ್ಟಿಯಾಗಿ.

"ಯಾವಾಗ ತಿಳೀತು?" ಎಂದ ಹಾಲೇಶಪ್ಪ.

"ಇವತ್ತು."

"ನಿಮ್ಮವ್ವಗ?"

"ಇಲ್ಲ."

ಮೈಲವ್ವ ಹೊಸ್ತಿಲಿಗೆ ಬಂದು ನಿಂತಿದ್ದಳು. ಗಂಡನ ಮುಂದೆ ಕೇಳಬಾರದ್ದು ಎಂಬುದನ್ನು ಮರೆತಳೋ ಬಿಟ್ಟಳೋ, "ಡಬ್ಬಿ ಯಾಕ ಹಂಗ ತಂದಿ? ಕೆಂಪಿಲ್ಲೇನು?" ಎಂದಳು.

"ಹಸರಾಗೇತವ್ವ."

"ಹಸರ?" ಆಕೆಯ ದನಿ ಸಣ್ಣಗಾಯಿತು. "ಹಸರಂದ್ರ ಇನ್ನೂ ಎಳೇದಲ್ಲೋ..."

ಯಲ್ಲೇಶ ಬಾಯಿ ತೆರೆದ. ಅಪ್ಪ ಟವೆಲ್ಲಿನ ಕೆಳಗೆ ಅವನ ಬೆರಳು ಬಿಡಲಿಲ್ಲ. ಆದರೂ ಹೇಳಿದ್ದು ಯಲ್ಲೇಶನೇ. ಕೆಂಪಿನ ಸುಳ್ಳು ಮೊದಲು ಹೇಳಿದ, ಆಮೇಲೆ ಕೂಸಿನದು. ಕೊನೆಗೆ ಮಾತು ಸಿಗದಿದ್ದಲ್ಲಿ ಅಪ್ಪ ಒಂದೆರಡು ಶಬ್ದ ಕೂಡಿಸಿದ. ಮೈಲವ್ವ ಚೌಕಟ್ಟು ಹಿಡಿದು ಅಲ್ಲೇ ಕೂತಳು. ಗಂಡನ ಹೆಗಲನ್ನು, ಅದರ ಮೇಲಿನ ಹೊಸ ಟವೆಲ್ಲನ್ನು ನೋಡಿದಳು. "ಎತ್ತು ತಿಂತು ಅಂದ್ಯಲ್ಲ" ಎಂದಳು. ಆಮೇಲೆ ಕೈ ಚಾಚಿ ಡಬ್ಬಿ ಎಳೆದುಕೊಂಡು, ಮುಚ್ಚಳ ತೆಗೆದು, ಬಸ್ಸಿನಲ್ಲಿ ಕುಲುಕಿ ಒಡೆದಿದ್ದ ಒಂದು ಉಂಡಿಯನ್ನು ಗೆರೆ ಸವೆದ ಬೆರಳಿನಿಂದ ಒತ್ತಿ ಒತ್ತಿ ಮತ್ತೆ ದುಂಡಗೆ ಕಟ್ಟತೊಡಗಿದಳು.

"ಕೂಸು ಇಲ್ಲದಿದ್ರೂ ಬಾಣಂತಿ ಬಾಣಂತೀನ" ಎಂದಳು. "ತಿನ್ನಬೇಕು ಅಕೀ."

"ನಾಳೆ ಮೊದಲನೇ ಬಸ್ಸಿಗೆ ಹೋಗೂಣು" ಎಂದ ಹಾಲೇಶಪ್ಪ. "ಮೂರೂ ಮಂದಿ."

ಮರುದಿನ ಕ್ರಾಸಿನಲ್ಲಿ ಇಳಿದಾಗ ಯಲ್ಲೇಶನ ಕಾಲುಗಳು ರೂಢಿಯ ಬದಿಗೆ ಎರಡು ಹೆಜ್ಜೆ ಇಟ್ಟೇಬಿಟ್ಟವು. ಅವ್ವ ಅಂಗಿ ಹಿಡಿದು ಈಚೆ ಎಳೆದಳು. ಬಸ್ಸಿನಲ್ಲಿ ಡಬ್ಬಿ ಅವಳ ಮಡಿಲಲ್ಲಿತ್ತು. ಹಾವೇರಿ ಬರುವತನಕ ಆಕೆ ಅದರ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ಮನೆಯವರು ಕಳಕೊಂಡದ್ದು ಇಷ್ಟು: ಒಂದು ಗಂಡುಕೂಸು, ಹೆಸರಿಟ್ಟಿರಲಿಲ್ಲ. ಒಂದು ಟವೆಲ್ಲು.